ನಿಜವಾದ ಸಭೆ

ಅಕ್ಕ ನಕ್ಕದ್ದು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಾದರೂ ಅದರ ಮುಳ್ಳು ಹೆಡ್‌ಮೇಡಂಗೆ ಚುಚ್ಚಿದ್ದು ಬೆಳಿಗ್ಗೆ ಬಸ್ಸಿನಲ್ಲಿ. ಸೀಟು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಚೀಲ, ಮುಂದಿದ್ದವನ ಬೆನ್ನು ಮೂಗಿಗೆ ತಾಗುವಷ್ಟು ಹತ್ತಿರ. ಬೇಡದ್ದೆಲ್ಲ ನೆನಪಾಗುವುದು ಇಂಥ ಹೊತ್ತಿನಲ್ಲೇ. ‘ನಾಳೆ ಕಮಿಟಿ ಬರುತ್ತೆ. ಮಕ್ಕಳು ಇವತ್ತು ಹೇಗೆ ಮಾತಾಡಿದ್ರು ಅಂತೀಯಾ! ಎರಡೆರಡು ಸಲ ಮಾಡಿಸ್ದೆ,’ ಎಂದು ಹೆಡ್‌ಮೇಡಂ ತಾನೇ ಜಂಬದಿಂದ ಬಾಯಿ ಬಿಟ್ಟಿದ್ದಳು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ನಾಡಿ ಹಿಡಿಯದೆಯೇ ಸುಳ್ಳು ಹಿಡಿಯುವ ಹೆಂಗಸು. ‘ಏನನ್ನ ಮಾಡಿಸ್ದೆ?’ ಎಂದು ಕೇಳಿದಳು. ‘ಸಭೇನ. ಮಕ್ಕಳು ಅವರವರ ಅಭಿಪ್ರಾಯ ಹೇಳೋದನ್ನ.’ ಅಷ್ಟೇ. ಅಕ್ಕನಿಗೆ ನಗು ಹತ್ತಿ, ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂತು. ‘ಸ್ವಂತ ಅಭಿಪ್ರಾಯಾನ ಬಾಯಿಪಾಠ ಮಾಡಿಸಿದ್ಯಾ? ಅಯ್ಯೋ ನನ್ನ ತಾಯಿ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ!’ ‘ಬಾಯಿಪಾಠ ಅಲ್ಲ, ಅಭ್ಯಾಸ,’ ಎಂದು ಹೆಡ್‌ಮೇಡಂ ದನಿ ಏರಿಸಿ ಗೆದ್ದಳು. ದನಿ ಏರಿಸಿದರೆ ಗೆಲ್ಲುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಈಗ ಬಸ್ಸು ಗಕ್ಕನೆ ನಿಂತಾಗ ಆ ಗೆಲುವು ಕೈಕೊಟ್ಟಿತು.

ಹೆಡ್‌ಮೇಡಂಗೆ ತನ್ನ ಮೇಲೆ ಅನುಮಾನ ಬರುವುದೇ ಅಪರೂಪ. ಬರಬೇಕಾದ ಕಾರಣವೂ ಇರಲಿಲ್ಲ. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವ ಜನ ತಮ್ಮ ಮಕ್ಕಳನ್ನು ಕರೆತಂದು ಈ ಶಾಲೆಯ ಬಾಗಿಲಲ್ಲಿ ಕಾದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ‘ಶಾಲೆ ಅನ್ನೋದು ಮಕ್ಕಳದ್ದು, ನಾವು ಅಲ್ಲಿ ಬಾಡಿಗೆಗೆ ಇರೋರು’ ಎಂದು ಇಲಾಖೆಯ ಉದ್ದನೆಯ ಮೇಜಿನ ಮುಂದೆ ಎಷ್ಟು ಸಲ ಹೇಳಿದ್ದಳೋ. ಒಮ್ಮೆ ಒಬ್ಬ ಅಧಿಕಾರಿ, ‘ಮಕ್ಕಳನ್ನೇ ಕೇಳಿದ್ರೆ ದಿನಾ ರಜೆ ಕೇಳ್ತಾರೆ ಮೇಡಂ’ ಎಂದು ಎಲ್ಲರನ್ನೂ ನಗಿಸಿದ್ದ. ‘ನಿಮ್ಮನ್ನ ಕೇಳಿದ್ರೆ ಏನು ಕೇಳ್ತೀರಿ ಸಾರ್?’ ಎಂದು ಆಕೆ ಅದೇ ನಗುವನ್ನು ಅವನ ಕಡೆಗೆ ತಿರುಗಿಸಿದ್ದಳು. ಆದರೂ ಆ ಮೊದಲನೆಯ ನಗು, ತನ್ನ ಮೇಲೆ ಬಿದ್ದದ್ದು, ಇವತ್ತಿಗೂ ಕಿವಿಯಲ್ಲಿದೆ. ಊರಿನ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಮಾರ್ಕ್ಸ್ ನೋಡಿ ಮಕ್ಕಳನ್ನು ಚುರುಕು ತರಗತಿ, ಸಾಧಾರಣ ತರಗತಿ ಎಂದು ಎರಡು ಪಾಲು ಮಾಡುವ ಯೋಜನೆಯೊಂದು ಈಗ ಹೊರಟಿತ್ತು. ಅದು ಬಂದರೆ ವಾರಕ್ಕೊಮ್ಮೆ ಮಕ್ಕಳೇ ನಡೆಸುವ ಸಭೆಯ ಪೀರಿಯಡ್ಡೂ ಪರೀಕ್ಷೆಯ ಅಭ್ಯಾಸಕ್ಕೆ ಹೋಗುತ್ತದೆ. ಹೆಡ್‌ಮೇಡಂ ಬರೆದು, ಕೂಗಿ, ಜಗಳವಾಡಿ ಒಂದು ಮಾತು ಗಿಟ್ಟಿಸಿಕೊಂಡಿದ್ದಳು: ಕಮಿಟಿ ಬಂದು ಈ ಸಭೆಯನ್ನು ಒಮ್ಮೆ ಕಣ್ಣಿಂದ ನೋಡುತ್ತದೆ, ಆಮೇಲೆ ತೀರ್ಮಾನ. ಮುಂದಿನ ವರ್ಷ ಆಕೆಗೆ ನಿವೃತ್ತಿ. ಇವತ್ತು ಸೋತರೆ ಈ ಮಾತನ್ನು ಮತ್ತೆ ಎತ್ತುವವರು ಯಾರೂ ಇಲ್ಲ.

ಅದಕ್ಕೇ ಅಲ್ಲವೇ ಅಭ್ಯಾಸ ಮಾಡಿಸಿದ್ದು? ಹೊಸಬರ ಮುಂದೆ ಮಕ್ಕಳು ಬೆದರುತ್ತವೆ, ಸ್ವಲ್ಪ ರೂಢಿಯಾಗಲಿ ಅಂತ. ನಿನ್ನೆ ಇದೇ ಸಮಾಧಾನ ಗಟ್ಟಿಯಾಗಿತ್ತು. ಈಗ ಕಂಬಿಗೆ ಜೋತುಬಿದ್ದು ಮತ್ತೆ ಅದನ್ನೇ ಹೇಳಿಕೊಳ್ಳುತ್ತಿದ್ದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು. ಮಾತಿನ ಮಲ್ಲಿಯೊಬ್ಬಳಿದ್ದಳು, ಎಲ್ಲರೂ ವಕೀಲೆ ಎಂದು ಕರೆಯುವ ಹುಡುಗಿ. ನಿನ್ನೆ ಅವಳನ್ನು ಮುಂದಿನ ಸಾಲಿನಲ್ಲಿ, ನಡುಮಧ್ಯೆ ಕೂರಿಸಿದ್ದಾಯಿತು. ಅವಳ ಅಕ್ಕಪಕ್ಕಕ್ಕೆ ಅಂಥವರೇ, ಪಟಪಟ ಎನ್ನುವವರು. ಇನ್ನೊಬ್ಬಳಿದ್ದಳು. ಏನು ಕೇಳಿದರೂ ‘ಆಮೇಲೆ ಹೇಳ್ತೀನಿ ಮೇಡಂ’ ಎನ್ನುವ ಹುಡುಗಿ. ಹಾಗಾಗಿ ಅವಳಿಗೆ ‘ಆಮೇಲೆ’ ಎಂದೇ ಹೆಸರು ಬಿದ್ದಿತ್ತು. ಅವಳು ಬಾಯಿ ತೆರೆಯುವ ಹೊತ್ತಿಗೆ ಕಮಿಟಿಯವರು ಆಕಳಿಸಿಬಿಡುತ್ತಾರೆ ಎಂದು ಹೆಡ್‌ಮೇಡಂ ಅವಳ ತಲೆ ಸವರಿ, ‘ನೀನು ನಾಳೆ ಹಿಂದೆ ಕಿಟಕಿ ಹತ್ರ ಕೂತ್ಕೋ ಕಂದಾ, ಗಾಳಿ ಬರುತ್ತೆ’ ಎಂದಿದ್ದಳು. ಹುಡುಗಿ ಎದ್ದು ಹೋಗಿ ಅಲ್ಲಿ ಕೂತಿತು. ಬಸ್ಸು ತಿರುವಿನಲ್ಲಿ ಓಲಿತು, ಹೆಡ್‌ಮೇಡಂನ ಕೈಯಲ್ಲಿದ್ದ ಚೀಲ ಜಾರಿ ಕೆಳಗೆ ಬಿತ್ತು. ಚುರುಕಿನವರು ಮುಂದೆ, ನಿಧಾನದವರು ಹಿಂದೆ. ಕಮಿಟಿ ಮುಂದಿನ ವರ್ಷ ಮಾಡಬೇಕೆಂದಿದ್ದನ್ನು ತಾನು ನಿನ್ನೆಯೇ, ತಲೆ ಸವರಿ, ಮಾಡಿ ಮುಗಿಸಿದ್ದಳು. ಪಕ್ಕದಲ್ಲಿದ್ದ ಹೆಂಗಸು, ‘ಹುಷಾರಿಲ್ವಾ? ಕೂತ್ಕೊಳ್ತೀರಾ?’ ಎಂದು ಎದ್ದುನಿಂತಳು. ಹೆಡ್‌ಮೇಡಂ ಬೇಡವೆಂದಳು. ಆದರೂ ಕೂತಳು.

ಆಕೆ ಕೈಚೆಲ್ಲುವ ಜಾತಿಯಲ್ಲ. ಇಳಿಯುವ ಹೊತ್ತಿಗೆ ಉಪಾಯ ಸಿದ್ಧವಾಗಿತ್ತು. ಹೋದ ಕೂಡಲೇ ಮಕ್ಕಳನ್ನು ಕರೆದು, ನಿನ್ನೆಯದೆಲ್ಲ ಮರೆತುಬಿಡಿ, ಎಲ್ಲಿ ಬೇಕೋ ಅಲ್ಲಿ ಕೂರಿ ಎಂದರಾಯಿತು. ಹತ್ತು ಮಾತು, ಮುಗಿಯಿತು. ಗೇಟಿನ ಮುಂದೆ ಇಲಾಖೆಯ ಬಿಳಿ ಕಾರು ಆಗಲೇ ನಿಂತಿತ್ತು. ಲೆಕ್ಕದ ಮೇಷ್ಟ್ರು, ಹೋದ ವರ್ಷವಷ್ಟೇ ಸೇರಿದ ಹುಡುಗ, ತಲೆಗೆ ನೀರು ಹಚ್ಚಿ ಬಾಚಿಕೊಂಡು ಓಡಿಬಂದ. ‘ಬೇಗ ಬಂದ್ಬಿಟ್ಟಿದ್ದಾರೆ ಮೇಡಂ. ಹಾಲ್‌ನಲ್ಲೇ ಕೂರಿಸಿದೀನಿ. ಮಕ್ಕಳೂ ರೆಡಿ. ನಿನ್ನೆ ಹೇಗೆ ಕೂತಿದ್ರೋ ಹಾಗೇ!’ ಶಹಭಾಸ್‌ಗಿರಿಗಾಗಿ ಕಾದ ಅವನ ಮುಖ ನೋಡಿ ಹೆಡ್‌ಮೇಡಂಗೆ ಬೈಯಲೂ ಆಗಲಿಲ್ಲ. ‘ಒಳ್ಳೇ ಕೆಲಸ ಮಾಡಿದೆಯಪ್ಪಾ,’ ಎಂದಳು.

ಹಾಲ್ ಎಂದರೆ ಎರಡು ತರಗತಿಗಳ ನಡುವಿನ ಮರದ ತಡಿಕೆ ತೆಗೆದ ಕೋಣೆ, ಅಷ್ಟೇ. ಗೋಡೆಯ ಬಣ್ಣ ಸೊಂಟದವರೆಗೆ ಒಂದು, ಮೇಲೆ ಇನ್ನೊಂದು. ಮಕ್ಕಳ ಭುಜ ಒರಗಿ ಒರಗಿ ಒಂದು ಎತ್ತರದಲ್ಲಿ ಮಾತ್ರ ನುಣ್ಣಗಾಗಿತ್ತು. ಕಮಿಟಿಯವರು ಇಬ್ಬರು. ಅಧ್ಯಕ್ಷರು ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಶಾಲೆ ಶಾಲೆ ಸುತ್ತಿ, ಎಲ್ಲ ಕಡೆಯೂ ಒಂದೇ ಸ್ವಾಗತ ಗೀತೆ ಕೇಳಿ ಸಾಕಾದ ಮುಖ. ಪಕ್ಕದಲ್ಲಿ ಒಬ್ಬ ತೆಳ್ಳನೆಯ ಸದಸ್ಯೆ. ಅವರಿಗಾಗಿ ತಂದಿಟ್ಟ ಕುರ್ಚಿಗಳು ಮಕ್ಕಳ ಅಳತೆಯವು, ಅಧ್ಯಕ್ಷರ ಮಂಡಿ ಎದೆಗೆ ಬಂದಿತ್ತು. ‘ಶುರು ಮಾಡಿ ಮೇಡಂ,’ ಎಂದು ಗಡಿಯಾರ ನೋಡಿಕೊಂಡರು. ಹೆಡ್‌ಮೇಡಂ ಕಿಟಕಿಯ ಕಡೆ ನೋಡಿದಳು. ‘ಆಮೇಲೆ’ ಹುಡುಗಿ ತಾನು ಹೇಳಿದ ಜಾಗದಲ್ಲೇ ಕೂತಿದ್ದಳು, ಗಾಳಿಗೆ ಕೂದಲು ಹಾರುತ್ತಿತ್ತು. ನಿಲ್ಲಿಸಿ ಎನ್ನಬೇಕು. ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಕೈಕಟ್ಟಿ, ‘ನನಗೆ ಅನಿಸೋದು ಏನಂದ್ರೆ...’ ಎಂದು ಶುರುಮಾಡಿ ಅಲ್ಲೇ ನಿಂತ. ಮುಂದಿನದು ಮರೆತುಹೋಗಿತ್ತು. ಹಿಂದಿನಿಂದ ಮೂರ್ನಾಲ್ಕು ದನಿ ಒಟ್ಟಿಗೆ ಪಿಸುಗುಟ್ಟಿದವು: ‘ನಮ್ಮ ಮಾತಿಗೂ ಬೆಲೆ ಇದೆ!’ ಅಧ್ಯಕ್ಷರ ತುಟಿ ಒಂದಿಷ್ಟೇ ಅಲುಗಿತು. ಸದಸ್ಯೆ ಮರ್ಯಾದೆಗೆ ಚಾವಣಿ ನೋಡಿದರು.

ಆಗ ವಕೀಲೆ ಎದ್ದಳು. ಕಮಿಟಿಯ ಕಡೆ ನೋಡಲೇ ಇಲ್ಲ. ‘ಮೇಡಂ, ನಿನ್ನೆ ಹೇಳಿದ್ದೇ ಹೇಳ್ಬೇಕಾ, ಇಲ್ಲಾ ನಿಜವಾದ ಸಭೆ ಮಾಡ್ಬೇಕಾ?’

ತುಂಟತನವಿರಲಿಲ್ಲ ಆ ಪ್ರಶ್ನೆಯಲ್ಲಿ. ಯಾವ ಚಪ್ಪಲಿ ಹಾಕಿಕೊಳ್ಳಲಿ ಎಂದು ಅಮ್ಮನನ್ನು ಕೇಳಿದಷ್ಟು ಸಲೀಸು. ಅಂದರೆ ಮಕ್ಕಳಿಗೆ ಇವೆರಡೂ ಬೇರೆ ಬೇರೆ ಎಂದು ಮೊದಲಿಂದಲೂ ಗೊತ್ತಿತ್ತು. ಮೇಡಂ ಆಸೆಪಟ್ಟರು, ಪಾಪ, ಮಾಡಿಕೊಡೋಣ ಎಂದುಕೊಂಡಿದ್ದವು. ಹೆಡ್‌ಮೇಡಂಗೆ ಸುಣ್ಣದ ವಾಸನೆ ಬಂದಂತಾಯಿತು. ಸಾಮಾನಿನ ಕೋಣೆ, ಹರಿದ ಭೂಪಟಗಳು, ತನಗಾಗ ಎಂಟೋ ಒಂಬತ್ತೋ ವಯಸ್ಸು. ಸಾಹೇಬರು ತಪಾಸಣೆಗೆ ಬರುವ ಹೊತ್ತಿಗೆ ಸರಿಯಾಗಿ ಟೀಚರು, ‘ಹೋಗಿ ಸೀಮೆಸುಣ್ಣ ತಗೊಂಡು ಬಾ ಪುಟ್ಟಾ, ಅವಸರ ಇಲ್ಲ’ ಎಂದಿದ್ದರು. ಮಾತಾಡುವಾಗ ಉಗ್ಗುತ್ತಿದ್ದ ಹುಡುಗಿ ಅವಳು. ಸೀಮೆಸುಣ್ಣ ಮೇಜಿನ ಮೇಲೆಯೇ ಇತ್ತು, ಅವಳೂ ನೋಡಿದ್ದಳು. ಆದರೂ ಹೋಗಿ ಆ ಕತ್ತಲೆ ಕೋಣೆಯಲ್ಲಿ, ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಪದ್ಯ ಹೇಳುವುದು ಮುಗಿಯುವವರೆಗೆ ನಿಂತಿದ್ದಳು. ಆ ಪದ್ಯ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳನ್ನು ಟೀಚರನ್ನಾಗಿ ಮಾಡಿದ್ದು ಆ ಕೋಣೆ. ಅಂಥವಳು ನಿನ್ನೆ ಗಾಳಿ ಬರುತ್ತೆ ಎಂದಳಲ್ಲ, ಆ ಟೀಚರ ದನಿಯಲ್ಲೇ!

‘ನಿಜವಾದದ್ದು,’ ಎಂದಳು ಹೆಡ್‌ಮೇಡಂ. ‘ನಿನ್ನೆ ನಾನು ಹೇಳಿಕೊಟ್ಟಿದ್ದನ್ನೆಲ್ಲ ಬಿಟ್ಟಾಕಿ. ಕೂತಿರೋ ಸಾಲನ್ನೂ. ತಪ್ಪು ನಂದು.’ ಅನಂತರ ಕಮಿಟಿಯ ಕಡೆ ತಿರುಗಿದಳು. ‘ನಿಮಗೆ ಒಳ್ಳೇದು ಕಾಣ್ಲಿ ಅಂತ ಅಭ್ಯಾಸ ಮಾಡಿಸಿದ್ದೆ ಸಾರ್.’

ಅಧ್ಯಕ್ಷರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ‘ಎಲ್ಲಾ ಶಾಲೇಲೂ ಮಾಡಿಸ್ತಾರೆ ಮೇಡಂ, ಒಪ್ಕೊಳ್ಳೋರು ಕಡಿಮೆ. ಆದ್ರೆ ಇಲ್ಲೂ ಅದೇ ಅಂದ್ಮೇಲೆ ನಿಮ್ಮ ಸಭೇಲಿ ಹೆಚ್ಚಿಂದೇನಿದೆ?’ ಎಂದು ಏಳಲು ಹೋದರು. ಪುಟ್ಟ ಕುರ್ಚಿ ಅವರನ್ನು ಬಿಡಲಿಲ್ಲ.

‘ತೋರಿಸ್ತೀವಿ, ಕೂತ್ಕೊಳ್ಳಿ ಸಾರ್,’ ಎಂದಳು ವಕೀಲೆ.

ಬೆಂಚುಗಳ ಕಾಲು ನೆಲಕ್ಕೆ ಉಜ್ಜಿ ಗದ್ದಲವೋ ಗದ್ದಲ. ಎರಡು ನಿಮಿಷದಲ್ಲಿ ಸಾಲು ಹೋಗಿ ಡೊಂಕುಡೊಂಕು ಸುತ್ತು ಆಯಿತು, ಕಮಿಟಿಯ ಇಬ್ಬರೂ ಗೊತ್ತಾಗದೆ ಅದರೊಳಗೇ ಸಿಕ್ಕಿಕೊಂಡರು. ಈ ಸಭೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮಾತಿಗಾದರೂ ಎದುರು ಹೇಳಬೇಕೆಂದರೆ ಮೊದಲು ಅವರ ಮಾತನ್ನು ನೀನು ಹೇಳಬೇಕು, ಅವರು ಹೌದೆಂದು ತಲೆ ಆಡಿಸಬೇಕು, ಅನಂತರವೇ ನಿನ್ನದು. ಇದು ಹೆಡ್‌ಮೇಡಂನ ತಲೆಯಿಂದ ಬಂದದ್ದಲ್ಲ. ಎಂದೋ ನಲ್ಲಿಯ ಮುಂದಿನ ಜಗಳದಲ್ಲಿ ಒಬ್ಬ, ‘ನಾನು ಹೇಳಿದ್ದು ಅದಲ್ಲ!’ ಎಂದು ಅಳುತ್ತ ಕೂಗಿ, ಇನ್ನೊಬ್ಬ, ‘ಹಾಗಾದ್ರೆ ಅವನು ಹೇಳಿದ್ದೇನು ನೀನೇ ಹೇಳು’ ಎಂದು ಮೂರನೆಯವನನ್ನು ಹಿಡಿದು, ಹಾಗೇ ನಡೆದುಬಂದದ್ದು. ಇಲಾಖೆಯ ಸಭೆಗಳಲ್ಲಿ ‘ನಾವು ರೂಪಿಸಿದ ವಿಧಾನ’ ಎಂದು ಹೇಳುವಾಗ ಆಕೆಗೆ ನಾಲಗೆಯ ತುದಿಯಲ್ಲಿ ಸಣ್ಣಗೆ ಕಚ್ಚಿದಂತಾಗುತ್ತಿತ್ತು.

‘ನಮ್ಮನ್ನ ಎರಡು ಕ್ಲಾಸ್ ಮಾಡ್ತೀರಂತೆ, ಹೌದಾ?’ ವಕೀಲೆ ನೇರವಾಗಿ ಅಧ್ಯಕ್ಷರನ್ನೇ ಕೇಳಿದಳು.

‘ಯಾರು ಹೇಳಿದ್ರು?’

‘ಎಲ್ರಿಗೂ ಗೊತ್ತು. ನನಗಂತೂ ಇಷ್ಟ. ಲೆಕ್ಕ ನಂದು ಬೇಗ ಮುಗಿಯುತ್ತೆ. ಆಮೇಲೆ ಸುಮ್ನೆ ಡೆಸ್ಕ್ ಕೆರೀತಾ ಕೂತಿರ್ಬೇಕು. ಬೇಜಾರು.’

ನಿನ್ನೆ ಇದೇ ಹುಡುಗಿ ಇದೇ ಬಾಯಲ್ಲಿ ‘ನಾವೆಲ್ಲ ಒಟ್ಟಿಗೆ ಕಲಿಯಬೇಕು’ ಎಂದು ಎಷ್ಟು ಚೆಂದ ಹೇಳಿದ್ದಳು! ಅಧ್ಯಕ್ಷರು ಮೊದಲ ಸಲ ಮುಂದಕ್ಕೆ ಬಾಗಿದರು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗನೊಬ್ಬ, ‘ಬೇಡ! ನಾನು, ನನ್ನ ತಮ್ಮ ಬೇರೆ ಬೇರೆ ಆಗ್ಬಿಡ್ತೀವಿ’ ಎಂದ. ಅವರು ಅವಳಿಜವಳಿ. ಗದ್ದಲ ಎದ್ದಿತು. ಆ ಗದ್ದಲದಲ್ಲಿ ಕಿಟಕಿಯ ಪಕ್ಕದ ‘ಆಮೇಲೆ’ ಹುಡುಗಿ ನಿಧಾನ ಎದ್ದು ನಿಂತಿದ್ದನ್ನು ಮೊದಲು ಯಾರೂ ನೋಡಲಿಲ್ಲ. ‘ನನಗೂ ಬೇರೆ ಕ್ಲಾಸೇ ಒಳ್ಳೇದು ಅನ್ಸುತ್ತೆ,’ ಎಂದಳು.

‘ಯಾಕೆ?’ ಎಂದು ಅಧ್ಯಕ್ಷರು ಕೇಳಿದರು.

‘ಯಾಕಂದ್ರೆ...’ ಅವಳು ನೆಲ ನೋಡಿದಳು. ಎಲ್ಲರೂ ಕಾದರು. ‘ಆಮೇಲೆ ಹೇಳ್ತೀನಿ.’ ಕೆಲವರು ಕಿಸಕ್ಕೆಂದರು.

‘ನೋಡಿ ಮೇಡಂ,’ ಎಂದರು ಅಧ್ಯಕ್ಷರು, ಚುಚ್ಚಬೇಕೆಂದಲ್ಲ, ಸಮಾಧಾನ ಮಾಡುವ ದನಿಯಲ್ಲೇ, ‘ಮಕ್ಕಳೇ ಹೇಳ್ತಿದ್ದಾರೆ. ಸ್ವಲ್ಪ ಹಿಂದಿರೋ ಮಕ್ಕಳಿಗೆ ಅವರದೇ ಒಂದು ಕ್ಲಾಸ್ ಇದ್ರೆ...’

‘ಸಾರ್, ಸಾರ್!’ ವಕೀಲೆ ಕೈ ಅಡ್ಡ ಹಿಡಿದಳು. ‘ಮೊದ್ಲು ಅವಳ ಮಾತು ನೀವು ಹೇಳ್ಬೇಕು. ಅವಳು ತಲೆ ಆಡಿಸಿದ ಮೇಲೆ ನಿಮ್ದು.’

ಸದಸ್ಯೆ ನಕ್ಕುಬಿಟ್ಟರು. ಅಧ್ಯಕ್ಷರೂ ನಕ್ಕು, ಮಕ್ಕಳಾಟಕ್ಕೆ ಒಪ್ಪಿಕೊಂಡವರಂತೆ ಹುಡುಗಿಯ ಕಡೆ ತಿರುಗಿದರು. ‘ನಿನಗೆ ಪಾಠ ಸ್ವಲ್ಪ ಕಷ್ಟ ಆಗುತ್ತೆ, ಅಲ್ವೇನಮ್ಮಾ?’

‘ಅಲ್ಲ.’

ಲೆಕ್ಕದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ‘ಕಷ್ಟ ಅಲ್ಲ ಸಾರ್, ಲೆಕ್ಕದಲ್ಲಿ ಒಂಚೂರು ನಿಧಾನ, ಅಷ್ಟೇ. ಅಲ್ವಾ?’

‘ಅಲ್ಲ ಸಾರ್.’

ಈಗ ಎಲ್ಲರೂ ಹೆಡ್‌ಮೇಡಂನ ಕಡೆ ನೋಡಿದರು. ಆಕೆ ಎದ್ದಳು. ಇಷ್ಟು ವರ್ಷ ಇಂಥ ಮಕ್ಕಳ ಪರವಾಗಿ ಗಂಟಲು ಹರಿದುಕೊಂಡವಳು ತಾನು. ಇವಳ ಹಾಗೆ ಕತ್ತಲೆ ಕೋಣೆಯಲ್ಲಿ ನಿಂತು ಬಂದವಳು. ಇದು ತನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ? ಹತ್ತಿರ ಹೋಗಿ, ತುಂಬ ಮೆತ್ತಗೆ ಹೇಳಿದಳು. ‘ಎಲ್ಲರ ಮುಂದೆ ತಪ್ಪು ಹೇಳ್ಬಿಡ್ತೀನೇನೋ ಅಂತ ನಿನಗೆ ಭಯ. ನಗ್ತಾರೆ ಅಂತ. ಭಯ ಇಲ್ಲದ ಒಂದು ಜಾಗ ಬೇಕು ನಿನಗೆ. ಹೌದಾ ಕಂದಾ?’ ಚೆನ್ನಾಗಿ ಹೇಳಿದೆ ಎನ್ನಿಸಿತು. ಸದಸ್ಯೆಯ ಕಣ್ಣು ತುಸು ಒದ್ದೆಯಾಗಿದ್ದನ್ನೂ ಗಮನಿಸಿದಳು.

ಹುಡುಗಿ ಆಕೆಯ ಮುಖವನ್ನು ಕನಿಕರದಿಂದ ನೋಡಿತು. ‘ಅಲ್ಲ ಮೇಡಂ,’ ಎಂದಿತು.

ಕೆನ್ನೆಗೆ ಬಾರಿಸಿದಂತಾಯಿತು. ಒಂದು ಗಳಿಗೆ ಸಿಟ್ಟೂ ಬಂತು, ಸುಳ್ಳೇಕೆ. ಮತ್ತೇನು ಮಹಾ ಇರುತ್ತದೆ ಎಂದು ಬಾಯಿಗೇ ಬಂದಿತ್ತು. ಇನ್ನೊಂದು ಊಹೆ ಸಿದ್ಧವಾಗಿತ್ತು, ಅದರ ಹಿಂದೆ ಮತ್ತೊಂದು. ಮಕ್ಕಳ ಮನಸ್ಸಿನ ಬಗ್ಗೆ ಆಕೆಯ ಬಳಿ ಊಹೆಗಳಿಗೆ ಬರವಿರಲಿಲ್ಲ. ಅವೆಲ್ಲವನ್ನೂ ನುಂಗಿಕೊಂಡಳು. ಅಕ್ಕ ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಮತ್ತೆ ನಗುತ್ತಿದ್ದಳು, ಈ ಸಲ ತಾನೂ ನಗಬಹುದಿತ್ತು. ಹುಡುಗಿಯ ಪಕ್ಕದ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕೂತಳು. ‘ನನಗೆ ಗೊತ್ತಾಗ್ಲಿಲ್ಲ,’ ಎಂದಳು. ‘ನೀನೇ ಹೇಳು. ಕಾಯ್ತೀವಿ.’

ಕಾಯುವುದೆಂದರೆ ಏನೆಂದು ಆಗ ಗೊತ್ತಾಯಿತು. ಯಾರದೋ ಪೆನ್ಸಿಲ್ ಉರುಳಿತು. ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಚಲಿಸುತ್ತ ಪೀಂಪೀಂ ಎಂದಿತು. ಲೆಕ್ಕದ ಮೇಷ್ಟ್ರು ಎರಡು ಸಲ ಬಾಯಿ ತೆರೆದು ಮುಚ್ಚಿದ. ಹೆಡ್‌ಮೇಡಂ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು, ಮಾತಾಡುವುದು ಕೈಗಳೇ ಎಂಬಂತೆ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳಲು ಮಣಿಕಟ್ಟು ತಿರುಗಿಸಿ, ವಕೀಲೆ ದುರುಗುಟ್ಟಿದ್ದು ಕಂಡು ಹಾಗೇ ಬಿಟ್ಟರು.

‘ನಾನು ನಿಧಾನ ಅಲ್ಲ,’ ಎಂದಳು ಹುಡುಗಿ ಕೊನೆಗೆ. ಒಂದೊಂದೇ ಮಾತು ಹುಡುಕಿ ಇಡುತ್ತಿದ್ದಳು. ‘ನೀವು ಕೇಳಿದಾಗ ನಾನು ಯೋಚಿಸ್ತಾ ಇರ್ತೀನಿ. ಉತ್ತರ ಬರುತ್ತೆ. ಬಂದಾಗ ನೀವೆಲ್ಲ ಮುಂದಿನ ಪಾಠಕ್ಕೆ ಹೋಗಿರ್ತೀರಿ. ಆವಾಗ ಅದು ಯಾರಿಗೂ ಬೇಡ. ಆಮೇಲೆ ಹೇಳ್ತೀನಿ ಅಂತ ಹೇಳ್ತೀನಲ್ಲ, ನಿಜವಾಗ್ಲೂ ಹೇಳ್ತೀನಿ ಅಂತಾನೇ ಹೇಳೋದು. ಯಾರೂ ಮತ್ತೆ ಬಂದು ಕೇಳಲ್ಲ. ಬೇರೆ ಕ್ಲಾಸಲ್ಲಾದ್ರೆ ಕೇಳ್ತಾರೇನೋ ಅಂತ.’

ಯಾರೂ ಕಿಸಕ್ಕೆನ್ನಲಿಲ್ಲ. ಹೆಡ್‌ಮೇಡಂಗೆ ಅಳು ಬಂತು, ತಡೆಯಲಿಲ್ಲ, ಸೆರಗಿನಲ್ಲಿ ಒರೆಸಿಕೊಂಡಳು. ಎಷ್ಟು ಸಲ, ‘ಆಯ್ತಮ್ಮಾ, ಆಮೇಲೆ ಹೇಳು’ ಎಂದು ನಕ್ಕು ಮುಂದೆ ಹೋಗಿದ್ದಳು. ಅದನ್ನು ಪ್ರೀತಿ ಎಂದೇ ತಿಳಿದಿದ್ದಳು. ನಂಬಿದ್ದರಲ್ಲಿ ತಪ್ಪಿರಲಿಲ್ಲ, ಮಕ್ಕಳನ್ನು ಕೇಳಬೇಕೆಂಬುದು ಇವತ್ತು ಇನ್ನೂ ಗಟ್ಟಿಯಾಯಿತು. ಕೇಳಿದ ಮೇಲೆ ಅಲ್ಲೇ ನಿಲ್ಲಬೇಕಿತ್ತು, ಅಷ್ಟೇ.

ಅಧ್ಯಕ್ಷರು ಕುರ್ಚಿಯ ಸಮೇತ ಅರ್ಧ ಎದ್ದು, ಅದನ್ನು ಹುಡುಗಿಯ ಎದುರಿಗೆ ಸರಿಸಿಕೊಂಡರು. ‘ಈಗ ನಾನು ಹೇಳ್ಲಾ?’ ಎಂದು ಕೇಳಿದರು. ‘ನಿನ್ನ ಹತ್ರ ಉತ್ತರ ಇದೆ. ನಾವು ಕೇಳ್ಬಿಟ್ಟು, ಉತ್ತರಕ್ಕೆ ಕಾಯದೆ ಎದ್ದು ಹೋಗ್ತೀವಿ. ಇಷ್ಟೇನಾ?’

ಹುಡುಗಿ ಯೋಚಿಸಿದಳು. ತಲೆ ಆಡಿಸಿದಳು. ‘ಈಗ ನಿಮ್ಮದು ಹೇಳ್ಬಹುದು ಸಾರ್,’ ಎಂದಳು ವಕೀಲೆ.

‘ನಂದು...’ ಅವರು ಕಚೇರಿಯಿಂದ ಏನೇನು ಹೊತ್ತು ತಂದಿದ್ದರೋ, ಅದನ್ನು ಹುಡುಕುವವರಂತೆ ಜೇಬು ತಡವಿ, ಸದಸ್ಯೆಯ ಕಡೆ ತಿರುಗಿದರು. ‘ಎರಡು ಕ್ಲಾಸಿನ ಮಾತು ಸದ್ಯಕ್ಕೆ ನಿಲ್ಲಿಸೋಣ. ಎಲ್ಲಾ ಶಾಲೇಲೂ ಮೊದ್ಲು ಹೀಗೆ ಕೂತು ಕೇಳ್ಕೊಂಡು ಬರೋಣ. ಮೇಡಂ, ನೀವೂ ನಮ್ಮ ಜೊತೆ ಬರ್ಬೇಕು.’

‘ನಾನು ಬೇಡ ಸಾರ್,’ ಎಂದಳು ಹೆಡ್‌ಮೇಡಂ, ಮೂಗು ಸೇದುತ್ತಲೇ. ‘ನಾನು ಬಂದ್ರೆ ಮಾತಾಡಿಬಿಡ್ತೀನಿ. ಇವರಲ್ಲೇ ಒಂದಿಬ್ಬರನ್ನ ಕರ್ಕೊಂಡು ಹೋಗಿ. ಸಭೆ ಹೇಗೆ ಮಾಡೋದು ಅಂತ ಅಲ್ಲಿನ ಮಕ್ಕಳಿಗೆ ಇವರೇ ಹೇಳಿಕೊಡ್ತಾರೆ. ಅಲ್ಲಿನ ಹೆಡ್‌ಮೇಡಂಗಳಿಗೂ!’ ಆಕೆಯ ದನಿ ಮತ್ತೆ ಹಳೆಯ ಎತ್ತರಕ್ಕೆ ಬಂದಿತ್ತು, ಮಕ್ಕಳೆಲ್ಲ ನಕ್ಕರು. ಅಧ್ಯಕ್ಷರು ಕುರ್ಚಿಯಿಂದ ಬಿಡಿಸಿಕೊಂಡು ಎದ್ದರು, ಲೆಕ್ಕದ ಮೇಷ್ಟ್ರು ಬಾಗಿಲು ತೆರೆಯಲು ಓಡಿದ. ಹೆಡ್‌ಮೇಡಂ ಮಾತ್ರ ಏಳಲಿಲ್ಲ. ಪಕ್ಕದ ಹುಡುಗಿಯ ಕಡೆ ತಿರುಗಿ ಕೂತಳು.

‘ಹಾಗಾದ್ರೆ ಹೇಳು. ಯಾವ ಉತ್ತರ ಇನ್ನೂ ನಿನ್ನ ಹತ್ರಾನೇ ಉಳ್ಕೊಂಡಿದೆ?’

ಹುಡುಗಿ ಆಕೆಯನ್ನೂ ಅಧ್ಯಕ್ಷರನ್ನೂ ಬಾಗಿಲ ಬಳಿಯಿದ್ದ ಮೇಷ್ಟ್ರನ್ನೂ ಒಮ್ಮೆ ನೋಡಿ, ಇವರೆಲ್ಲ ನಿಜವಾಗಿ ನಿಲ್ಲುತ್ತಾರೆಯೇ ಎಂದು ಅಳೆದುಕೊಂಡಳು. ಅಧ್ಯಕ್ಷರು ಮತ್ತೆ ಕೂತರು.

‘ತುಂಬಾ ಇವೆ ಮೇಡಂ,’ ಎಂದಳು.